ದುಡ್ಡು ವಾಪಸು ಕೇಳಿದ್ದಕ್ಕೆ ವಕೀಲರ ನೋಟೀಸು!

2025ರ ಆಟಿ ತಿಂಗಳ ಒಂದು ಸಂಜೆ. ಮಳೆ ಅಂದರೆ ಮಳೆ. ಲಾಂಗ್ ಬೆಲ್ ಹೊಡೆದು ಮಕ್ಕಳೆಲ್ಲ ಹೋಗಿ ಆಗಿತ್ತು. ನಾನು ಸ್ಟಾಫ್ ರೂಮಿನಲ್ಲಿ ಕೊಡೆ ಹುಡುಕುತ್ತಿದ್ದೆ. ಎಂಟನೆಯ ತರಗತಿಯ ಒಬ್ಬಳು ಹುಡುಗಿಯ ಅಮ್ಮ ಬಾಗಿಲಲ್ಲಿ ಬಂದು ನಿಂತರು. 'ಮಾಸ್ಟ್ರೇ, ಪುರ್ಸೊತ್ತುಂಟಾ? ಒಂದು ಕಾಗದ ಓದಿ ಹೇಳಬೇಕಿತ್ತು' ಅಂದರು. ಗಡಿಯೀಚೆಗಿನ ಕನ್ನಡ ಮೇಷ್ಟ್ರಿಗೆ ಇದು ಹೊಸತಲ್ಲ. ಪಂಚಾಯತಿನ ಮಲಯಾಳ ಕಾಗದ, ಬ್ಯಾಂಕಿನ ಇಂಗ್ಲಿಷ್ ಕಾಗದ, ಎರಡೂ ನಮ್ಮ ಮೇಜಿಗೇ ಬರುತ್ತವೆ. ಆದರೆ ಈ ಸಲ ಬಂದದ್ದು ಕಾಗದವಲ್ಲ, ವಾಟ್ಸಾಪಿನಲ್ಲಿ ನಾಲ್ಕು ಪುಟದ ಪಿಡಿಎಫ್. ತಲೆಯ ಮೇಲೆ ದಪ್ಪಕ್ಷರದಲ್ಲಿ 'ಲೀಗಲ್ ನೋಟೀಸ್' ಅಂತ ಇತ್ತು.

ಸಂಗತಿ ಇಷ್ಟೇ. ಅವರು ಮನೆಯಲ್ಲಿ ಹೊಲಿಗೆ ಮಾಡುವವರು. ಮಂಗಳೂರಿನಲ್ಲಿ ಕೆಲಸಕ್ಕಿರುವ ತಮ್ಮ ತನ್ನ ಕ್ರೆಡಿಟ್ ಕಾರ್ಡಿನಲ್ಲಿ ಅಕ್ಕನಿಗಾಗಿ ಮೋಟಾರಿನ ಹೊಲಿಗೆ ಮಿಷನ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದ್ದ. 11,400 ರೂಪಾಯಿ. ಬಂದ ಪೆಟ್ಟಿಗೆಯಲ್ಲಿ ಮಿಷನ್ನಿನ ಕುತ್ತಿಗೆ ಒಡೆದಿತ್ತು, ಮೋಟಾರೇ ಇರಲಿಲ್ಲ. ಮೂರು ವಾರ ಇಮೇಲ್ ಮಾಡಿದರು, ಫೋನು ಮಾಡಿದರು. ಅತ್ತ ಕಡೆಯಿಂದ ಉತ್ತರವಿಲ್ಲ. ತಮ್ಮ ಫೋಟೋಗಳನ್ನೆಲ್ಲ ಬ್ಯಾಂಕಿಗೆ ಕಳಿಸಿ ತಕರಾರು ಹಾಕಿದ. ಸುಮಾರು ಎರಡು ತಿಂಗಳಿಗೆ ಬ್ಯಾಂಕು ದುಡ್ಡು ಹಿಂದೆ ಕೊಟ್ಟಿತು. ಮುಗಿಯಿತು ಅಂದುಕೊಂಡರು. ಆಗ ಬಂತು ನೋಡಿ ಈ ನೋಟೀಸು, ಅಷ್ಟು ದಿನ ಒಂದು ಇಮೇಲಿಗೆ ಉತ್ತರ ಕೊಡಲು ಸಮಯ ಸಿಗದವರಿಂದ! ಮಿಷನ್ನಿನ ಬೆಲೆ 11,400, 'ಚಾರ್ಜ್‌ಬ್ಯಾಕ್ ನಿರ್ವಹಣಾ ಶುಲ್ಕ' 5,000, ವಕೀಲರ ಖರ್ಚು 10,000, ವ್ಯಾಪಾರದ ಹೆಸರು ಕೆಟ್ಟದ್ದಕ್ಕೆ 15,000. ಒಟ್ಟು 41,400 ರೂಪಾಯಿ ಏಳು ದಿನದೊಳಗೆ ಕಟ್ಟಬೇಕು. ಇಲ್ಲವಾದರೆ 420 ಸೆಕ್ಷನ್ನಿನಲ್ಲಿ ಪೊಲೀಸ್ ಕೇಸು, ಸಿಬಿಲ್‌ನಲ್ಲಿ ಕಪ್ಪು ಗುರುತು.

'ಪೊಲೀಸಿನವರು ಮನೆಗೆ ಬರ್ತಾರಾ ಮಾಸ್ಟ್ರೇ? ನನ್ನ ಬೆಂಡೋಲೆ ಉಂಟು, ಅದನ್ನು ಕೊಟ್ಟು ಕಟ್ಟಿಬಿಡುವ ಅಂತ ತಮ್ಮನಿಗೆ ಹೇಳಿದೆ' ಅಂದರು ಆ ತಾಯಿ.

ಈ ಬರಹಕ್ಕೆ ಕಾರಣ ಆ ಬೆಂಡೋಲೆ.

ಚಾರ್ಜ್‌ಬ್ಯಾಕ್ ಅಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಗೊತ್ತಿದ್ದವರು ದಾಟಿ ಹೋಗಬಹುದು. ನಾವು ಕಾರ್ಡಿನಲ್ಲಿ ದುಡ್ಡು ಕೊಟ್ಟಾಗ ಅದು ನೇರ ಅಂಗಡಿಯವನ ಕೈಗೆ ಹೋಗುವುದಿಲ್ಲ. ನಮ್ಮ ಬ್ಯಾಂಕು, ವೀಸಾ ಅಥವಾ ಮಾಸ್ಟರ್‌ಕಾರ್ಡಿನಂಥ ಜಾಲ, ವ್ಯಾಪಾರಿಯ ಬ್ಯಾಂಕು, ಹೀಗೆ ಮೂರು ಮೆಟ್ಟಿಲು ದಾಟಿ ಹೋಗುತ್ತದೆ. ಸಾಮಾನು ಬರಲಿಲ್ಲ, ಬಂದದ್ದು ಬೇರೆಯೇ, ಅಥವಾ ಈ ಖರೀದಿ ನಾನು ಮಾಡಿದ್ದೇ ಅಲ್ಲ ಎಂದು ನಾವು ನಮ್ಮ ಬ್ಯಾಂಕಿಗೆ ತಕರಾರು ಕೊಟ್ಟರೆ ಅದೇ ಮೆಟ್ಟಿಲುಗಳಲ್ಲಿ ದುಡ್ಡು ಹಿಂದೆ ಇಳಿದು ಬರುತ್ತದೆ. ವ್ಯಾಪಾರಿಗೂ ಉತ್ತರ ಕೊಡಲು ಅವಕಾಶ ಉಂಟು. ಕೊರಿಯರಿನ ರಸೀದಿ, ಸಹಿ, ಇಮೇಲುಗಳನ್ನು ತೋರಿಸಿ 'ನಾನು ಕೊಟ್ಟಿದ್ದೇನೆ' ಎಂದು ವಾದಿಸಬಹುದು. 2023ರ ಏಪ್ರಿಲಿನಿಂದ ವೀಸಾ ಇನ್ನೊಂದು ದಾರಿಯನ್ನೂ ಮಾಡಿಕೊಟ್ಟಿತು. 'ಖರೀದಿ ನನ್ನದಲ್ಲ' ಎನ್ನುವ ಗಿರಾಕಿ ಅದೇ ಕಂಪ್ಯೂಟರು ಅಥವಾ ಅದೇ ವಿಳಾಸದಿಂದ ಹಿಂದೆ ಎರಡು ಸಲ ತಕರಾರಿಲ್ಲದೆ ಕೊಂಡಿದ್ದಾನೆ ಎಂದು ವ್ಯಾಪಾರಿ ತೋರಿಸಿದರೆ ಅದು ಅವನ ಪರವಾದ ಸಾಕ್ಷಿ.

ವ್ಯಾಪಾರಿಗಳಿಗೆ ಇದನ್ನು ಕಂಡರೆ ಅಷ್ಟು ಹೆದರಿಕೆ ಯಾಕೆ? ಒಂದು, ಪ್ರತಿ ತಕರಾರಿಗೂ ಅವರ ಬ್ಯಾಂಕು ಬೇರೆ ಶುಲ್ಕ ಹಾಕುತ್ತದೆ. ಎರಡು, ಒಟ್ಟು ವ್ಯಾಪಾರದಲ್ಲಿ ತಕರಾರಿನ ಪಾಲು ಮಿತಿ ಮೀರಿದರೆ ಜಾಲದವರ ಕಣ್ಣು ಬೀಳುತ್ತದೆ, ದಂಡ ಬೀಳುತ್ತದೆ, ಕೊನೆಗೆ ಕಾರ್ಡು ಸ್ವೀಕರಿಸುವ ಸೌಕರ್ಯವೇ ಹೋಗಬಹುದು. ಆನ್‌ಲೈನ್ ಅಂಗಡಿಗೆ ಅದು ಹೋದರೆ ಬಾಗಿಲು ಹಾಕಿದ ಹಾಗೆ. ಹಾಗಾಗಿ ಗಿರಾಕಿ ಬ್ಯಾಂಕಿಗೆ ಹೋಗದಂತೆ ತಡೆಯುವುದು ಕೆಲವರಿಗೆ ಒಳ್ಳೆಯ ಸಾಮಾನು ಕೊಡುವುದಕ್ಕಿಂತ ಸುಲಭವಾಗಿ ಕಾಣುತ್ತದೆ.

ಈ ಹಕ್ಕು ಹುಟ್ಟಿದ್ದು ಅಮೆರಿಕದಲ್ಲಿ, 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಆಕ್ಟಿನಿಂದ. ಬಿಲ್ಲು ಬಂದ 60 ದಿನದೊಳಗೆ ಬರೆದು ತಿಳಿಸಿದರೆ ಬ್ಯಾಂಕು ವಿಚಾರಿಸಲೇಬೇಕು. ಹೇಳಿದಂತೆ ಬಾರದ ಸಾಮಾನೂ ಅದರಲ್ಲಿ 'ಬಿಲ್ಲಿನ ತಪ್ಪು' ಎಂದೇ ಲೆಕ್ಕ. ಅದೇ ಕಾನೂನಿನಲ್ಲಿ ಇನ್ನೊಂದು ತಮಾಷೆಯ ಕಲಮು ಉಂಟು. ಸಾಮಾನಿನ ಗುಣಮಟ್ಟದ ಜಗಳವಾದರೆ ಅಂಗಡಿ ನಿಮ್ಮ ರಾಜ್ಯದಲ್ಲೇ ಇರಬೇಕು ಅಥವಾ ಮನೆಯಿಂದ 100 ಮೈಲಿಯೊಳಗೆ ಇರಬೇಕು! ಇಂಟರ್‌ನೆಟ್ ಅಂಗಡಿ ಎಂಬುದನ್ನು ಕನಸಿನಲ್ಲೂ ಕಾಣದ ಕಾಲದ ಬರಹ ಅದು. ಅದೇ 1974ರಲ್ಲಿ ಇಂಗ್ಲೆಂಡಿನವರೂ ಒಂದು ಕಾನೂನು ಮಾಡಿದರು. ಅದರ 75ನೆಯ ಸೆಕ್ಷನ್ ಪ್ರಕಾರ 100 ಪೌಂಡಿಗಿಂತ ಮೇಲಿನ ಖರೀದಿಗೆ ಕಾರ್ಡು ಕೊಟ್ಟ ಬ್ಯಾಂಕೂ ಅಂಗಡಿಯವನಷ್ಟೇ ಹೊಣೆ.

ಬೆದರಿಕೆಯ ವಿದ್ಯೆಯೂ ಮೊದಲು ಪಳಗಿದ್ದು ಅಮೆರಿಕದಲ್ಲೇ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವಿಟಾಲಿ ಬೋರ್ಕರ್ ಎಂಬವನೊಬ್ಬ 'ಡೆಕೊರ್‌ಮೈಐಸ್' ಎಂಬ ಕನ್ನಡಕದ ಅಂಗಡಿಯನ್ನು ಇಂಟರ್‌ನೆಟ್ಟಿನಲ್ಲಿ ನಡೆಸುತ್ತಿದ್ದ. 2010ರ ನವೆಂಬರಿನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಅವನ ಕತೆ ಬರೆಯಿತು. ಬ್ಯಾಂಕಿಗೆ ತಕರಾರು ಕೊಟ್ಟ ಒಬ್ಬ ಗಿರಾಕಿಗೆ ಅವನು ಬೈದ, ಕೋರ್ಟಿಗೆಳೆಯುತ್ತೇನೆಂದ, ಕೊನೆಗೆ ಆಕೆಯ ಮನೆಯಿರುವ ಕಟ್ಟಡದ ಫೋಟೋವನ್ನೇ ಆಕೆಗೆ ಕಳಿಸಿದ! ಇನ್ನೂ ವಿಚಿತ್ರವೆಂದರೆ ಜನ ಬೈದಷ್ಟೂ ಗೂಗಲ್‌ನಲ್ಲಿ ತನ್ನ ಅಂಗಡಿ ಮೇಲೆ ಬರುತ್ತದೆ ಎಂದು ಅವನೇ ಪತ್ರಿಕೆಯ ಮುಂದೆ ಹೇಳಿಕೊಂಡಿದ್ದ. ಗೂಗಲ್ ಕೆಲವೇ ದಿನದಲ್ಲಿ ಹುಡುಕಾಟದ ಕ್ರಮವನ್ನು ಬದಲಿಸಬೇಕಾಯಿತು. 2012ರಲ್ಲಿ ಅವನಿಗೆ ನಾಲ್ಕು ವರ್ಷ ಜೈಲು. ಹೊರಬಂದು ಬೇರೆ ಹೆಸರಿನಲ್ಲಿ ಅದೇ ಧಂದೆ, 2018ರಲ್ಲಿ ಮತ್ತೆ ಜೈಲು. 2022ರಲ್ಲಿ ಮೂರನೆಯ ಹೆಸರಿನ ಅಂಗಡಿಗಾಗಿ ಮತ್ತೆ ಬಂಧನ. ನಾಯಿ ಬಾಲದ ಗಾದೆ ನೆನಪಾಗುತ್ತದೆ, ಅಲ್ಲವೇ?

ಬೋರ್ಕರ್ ಬಾಯಿಬಡುಕ, ಅವನನ್ನು ಹಿಡಿಯುವುದು ಸುಲಭವಾಯಿತು. ಬಾಯಿ ಮುಚ್ಚಿಕೊಂಡು ಅದೇ ಕೆಲಸವನ್ನು ಷರತ್ತಿನ ಪುಟದಲ್ಲಿ ಮಾಡುವವರು ಇದ್ದಾರೆ. 2014ರಲ್ಲಿ ವಿಸ್ಕಾನ್ಸಿನ್‌ನ ಒಬ್ಬ ಮಹಿಳೆ 'ಆಕ್ಸೆಸರಿ ಔಟ್‌ಲೆಟ್' ಎಂಬಲ್ಲಿಂದ ಫೋನಿನ ಕವಚವೊಂದನ್ನು ತರಿಸಿದರು. ಬರಲಿಲ್ಲ. 'ಕಾರ್ಡ್ ಕಂಪನಿಗೆ ಹೇಳುತ್ತೇನೆ' ಅಂದರು, ಅಷ್ಟೇ. ತಕರಾರು ಕೊಡುತ್ತೇನೆ ಎಂದು ಹೇಳುವುದೂ ನಮ್ಮ ಷರತ್ತಿಗೆ ವಿರುದ್ಧ, ಆದ್ದರಿಂದ 250 ಡಾಲರ್ ದಂಡ ಕಟ್ಟು ಎಂದು ಉತ್ತರ ಬಂತು. ಕಟ್ಟದಿದ್ದರೆ ವಸೂಲಿಯವರಿಗೆ ಒಪ್ಪಿಸುತ್ತೇವೆ, ಸಾಲದ ದಾಖಲೆಯಲ್ಲಿ ಏಳು ವರ್ಷ ಕಲೆ ಉಳಿಯುತ್ತದೆ ಎಂಬ ಬೆದರಿಕೆ ಬೇರೆ. ಪಬ್ಲಿಕ್ ಸಿಟಿಜನ್ ಎಂಬ ಸಂಸ್ಥೆಯ ವಕೀಲರು ಆಕೆಯ ಪರವಾಗಿ ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. ಅಂದರೆ ಕೋರ್ಟಿಗೆ ಮೊದಲು ಹೋದದ್ದು ಬೆದರಿಸಿದವನಲ್ಲ, ಬೆದರಿಕೆ ತಿಂದವಳು.

ಇದೇ ಸಂಸ್ಥೆ 'ಕ್ಲಿಯರ್‌ಗಿಯರ್' ಎಂಬ ಇನ್ನೊಂದು ಅಂಗಡಿಯ ಮೇಲೂ ಗೆದ್ದಿತ್ತು. 2008ರಲ್ಲಿ ತರಿಸಿದ ಸಣ್ಣ ಸಾಮಾನು ಬಾರದೆ, ಪೇಪಾಲ್‌ನವರು ಆ ವ್ಯವಹಾರವನ್ನೇ ರದ್ದು ಮಾಡಿದ್ದರು. ಯೂಟಾದ ಆ ದಂಪತಿ ಅಂಗಡಿಯ ಬಗ್ಗೆ ನಾಲ್ಕು ಸಾಲು ಬರೆದದ್ದಕ್ಕೆ 2012ರಲ್ಲಿ 3,500 ಡಾಲರ್ ದಂಡ! ಕಟ್ಟದಿದ್ದಾಗ ಅವರ ಸಾಲದ ದಾಖಲೆ ಕೆಡಿಸಿದರು. 2014ರಲ್ಲಿ ಕೋರ್ಟು ಅಂಗಡಿಯವನೇ 3,06,750 ಡಾಲರ್ ಕೊಡಬೇಕೆಂದಿತು. ಅಂಗಡಿಯವನು ಕೋರ್ಟಿಗೆ ಹಾಜರಾಗಿರಲೇ ಇಲ್ಲ. 2016ರಲ್ಲಿ ಅಮೆರಿಕದ ಸಂಸತ್ತು ಗಿರಾಕಿಯ ವಿಮರ್ಶೆಗೆ ದಂಡ ಹಾಕುವ ಷರತ್ತುಗಳನ್ನೇ ಅಸಿಂಧುಗೊಳಿಸಿತು. ಆದರೆ ಗಮನಿಸಿ, ಆ ಕಾನೂನು ಕಾಯುವುದು ಗಿರಾಕಿಯ ಮಾತನ್ನು. ಬ್ಯಾಂಕಿಗೆ ಕೊಟ್ಟ ತಕರಾರಿನ ಹೆಸರು ಅದರಲ್ಲಿಲ್ಲ.

ಇಷ್ಟು ಓದಿ 'ವ್ಯಾಪಾರಿಗಳೆಲ್ಲ ಕಳ್ಳರು' ಎಂಬ ತೀರ್ಮಾನಕ್ಕೆ ಬರಬೇಡಿ. ನನ್ನ ಅತ್ತಿಗೆಯ ವಿಷಯ ಹೇಳುತ್ತೇನೆ. ಅವರು ಹಲಸಿನ ಹಪ್ಪಳ, ಮಾಂಬಳ, ಉಪ್ಪಿನಕಾಯಿ ಮಾಡಿ ದೂರದ ಊರುಗಳಿಗೆ ಕಳಿಸುತ್ತಾರೆ. ಒಬ್ಬರು 1,850 ರೂಪಾಯಿಯ ಸಾಮಾನು ತರಿಸಿಕೊಂಡರು. 'ಹಪ್ಪಳ ಊರಿನ ನೆನಪು ತಂದಿತು' ಅಂತ ಮೆಸೇಜನ್ನೂ ಹಾಕಿದರು. ಒಂದೂವರೆ ತಿಂಗಳ ಮೇಲೆ ಬ್ಯಾಂಕಿಗೆ 'ಸಾಮಾನು ಬಂದೇ ಇಲ್ಲ' ಅಂತ ತಕರಾರು! ಅತ್ತಿಗೆಯ ಹತ್ತಿರ ಕೊರಿಯರಿನ ಚೀಟಿ ಇತ್ತು. ಆದರೆ ಉತ್ತರ ಕೊಡಬೇಕಾದ ದಿನಗಳಲ್ಲಿ ಮನೆಯಲ್ಲಿ ಮದುವೆ, ಇಮೇಲ್ ನೋಡಲಿಲ್ಲ. ದುಡ್ಡೂ ಹೋಯಿತು, ಹಪ್ಪಳವೂ ಹೋಯಿತು, ಮೇಲೆ ಶುಲ್ಕ ಬೇರೆ. ಇಂಥದಕ್ಕೆ ವ್ಯಾಪಾರದವರು 'ಸ್ನೇಹದ ಮೋಸ' ಅಂತ ಹೆಸರಿಟ್ಟಿದ್ದಾರೆ. ನನಗೆ ಅದರಲ್ಲಿ ಸ್ನೇಹ ಕಾಣುವುದಿಲ್ಲ. ಕಳ್ಳತನಕ್ಕೆ ಕಳ್ಳತನ ಅನ್ನಬೇಕು.

ಅತ್ತಿಗೆಗೆ ಕೋರ್ಟಿಗೆ ಹೋಗುವ ಹಕ್ಕು ಇದೆಯೇ? ಖಂಡಿತ ಇದೆ. ಬಹಳ ಜನಕ್ಕೆ ತಿಳಿಯದ ವಿಷಯ ಇದು. ಚಾರ್ಜ್‌ಬ್ಯಾಕ್ ಎಂಬುದು ತೀರ್ಪಲ್ಲ. ಬ್ಯಾಂಕುಗಳು ತಮ್ಮೊಳಗಿನ ಕರಾರಿನ ಪ್ರಕಾರ ದುಡ್ಡನ್ನು ಇಲ್ಲಿಂದ ಅಲ್ಲಿಗೆ ಸರಿಸಿದವು, ಅಷ್ಟೆ. ಸಾಮಾನು ತಲುಪಿದ್ದು ನಿಜವಾದರೆ ಬೆಲೆ ಕೊಡಬೇಕಾದ ಋಣ ಹಾಗೆಯೇ ನಿಂತಿರುತ್ತದೆ. ವ್ಯಾಪಾರಿ ಅದಕ್ಕೆ ದಾವೆ ಹಾಕಬಹುದು. ಬ್ಯಾಂಕಿನಲ್ಲಿ ಗೆದ್ದೆ, ಇನ್ನು ಯಾರೂ ಕೇಳುವ ಹಾಗಿಲ್ಲ ಎಂದು ಬೀಗುವ ಗಿರಾಕಿಗೆ ಇದು ಗೊತ್ತಿರಲಿ. ಆದರೆ 1,850 ರೂಪಾಯಿಗೆ ಕೋರ್ಟು ಹತ್ತುವವರು ಯಾರು? ವಕೀಲರ ಆಟೋ ಖರ್ಚಿಗೂ ಸಾಲದು. ಹೀಗಾಗಿ ಪ್ರಾಮಾಣಿಕ ಸಣ್ಣ ವ್ಯಾಪಾರಿ ಸುಮ್ಮನಾಗುತ್ತಾನೆ. ನೋಟೀಸು ಕಳಿಸುವವನು ಸಾಮಾನ್ಯವಾಗಿ ಕೋರ್ಟಿಗೆ ಹೋಗುವ ಉದ್ದೇಶವೇ ಇಲ್ಲದವನು. ನೂರು ಜನಕ್ಕೆ ಒಂದೇ ಅಚ್ಚಿನ ಪಿಡಿಎಫ್ ಕಳಿಸಿದರೆ ಹತ್ತು ಜನ ಬೆಂಡೋಲೆ ಮಾರುತ್ತಾರೆ ಎಂಬ ಲೆಕ್ಕ.

ನನ್ನ ಅಭಿಪ್ರಾಯ ಇದು. ಬೆಲೆಗಾಗಿ ದಾವೆ ಹೂಡಿದರೆ ನ್ಯಾಯ, ಹೂಡಲಿ. ಗಿರಾಕಿ ಬಂದು ತನ್ನ ಫೋಟೋ ತೋರಿಸಲಿ, ವ್ಯಾಪಾರಿ ತನ್ನ ರಸೀದಿ ತೋರಿಸಲಿ. ಆದರೆ 'ತಕರಾರು ಕೊಟ್ಟದ್ದಕ್ಕೆ' ಎಂದು ದಂಡ ಹಾಕುವುದು ಬೇರೆ ಮಾತು. ಅದು ನಷ್ಟದ ಲೆಕ್ಕವಲ್ಲ, ಬಾಯಿ ಮುಚ್ಚಿಸುವ ಬೆಲೆ. ನಮ್ಮ 1872ರ ಕರಾರು ಕಾಯಿದೆಯೇ ಇದನ್ನು ಬಹಳ ಹಿಂದೆ ಯೋಚಿಸಿದೆ. 74ನೆಯ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಎಷ್ಟೇ ದಂಡ ಬರೆದಿರಲಿ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿ. 28ನೆಯ ಸೆಕ್ಷನ್ ಪ್ರಕಾರ ಒಬ್ಬ ತನ್ನ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನೇ ಪೂರ್ತಿ ತಡೆಯುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ. 2019ರ ಗ್ರಾಹಕ ರಕ್ಷಣಾ ಕಾಯಿದೆ ಇನ್ನೂ ಮುಂದೆ ಹೋಗಿ, ಆದ ನಷ್ಟಕ್ಕೆ ತಾಳೆಯಿಲ್ಲದ ದಂಡ ಹಾಕುವ ಷರತ್ತನ್ನು 'ಅನ್ಯಾಯದ ಕರಾರು' ಎಂದು ಕರೆದಿದೆ. ಆದರೆ ಇಲ್ಲೊಂದು ಮುಳ್ಳು ಉಂಟು. ಅನ್ಯಾಯದ ಕರಾರು ಎಂಬ ದೂರನ್ನು ಜಿಲ್ಲಾ ಆಯೋಗ ತೆಗೆದುಕೊಳ್ಳುವ ಹಾಗಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ನಮಗೆ ರಾಜ್ಯ ಆಯೋಗವೆಂದರೆ ತಿರುವನಂತಪುರ. ಕಾಸರಗೋಡಿನಿಂದ ರಾತ್ರಿಯಿಡೀ ರೈಲು. 5,000 ರೂಪಾಯಿಯ ದಂಡದ ಷರತ್ತನ್ನು ಪ್ರಶ್ನಿಸಲು ರಾಜ್ಯದ ಈ ತುದಿಯಿಂದ ಆ ತುದಿಗೆ! ಕಾನೂನು ಬರೆದವರು ಉತ್ತರದ ತುದಿಯಲ್ಲಿ ಒಂದು ಊರಿದೆ ಎಂಬುದನ್ನು ಮರೆತಿರಬೇಕು.

ಒಡೆದ ಸಾಮಾನು ಕೊಟ್ಟ ದೂರು ಮಾತ್ರ ವಿದ್ಯಾನಗರದ ಜಿಲ್ಲಾ ಆಯೋಗದಲ್ಲೇ ಆಗುತ್ತದೆ. 1986ರ ಹಳೆಯ ಕಾಯಿದೆಯಲ್ಲಿ ವ್ಯಾಪಾರಿ ಇರುವ ಊರಿಗೋ ವ್ಯವಹಾರ ನಡೆದ ಊರಿಗೋ ಹೋಗಬೇಕಿತ್ತು. ಈಗ ನಾವಿರುವ ಊರಿನಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಅಂಗಡಿಯಲ್ಲಿ ದೂರು ಕೇಳುವ ಅಧಿಕಾರಿ ಇರಬೇಕು, 48 ಗಂಟೆಯೊಳಗೆ ದೂರು ಸಿಕ್ಕಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ ಮೂರು ವಾರ ಇಮೇಲಿಗೆ ಉತ್ತರ ಕೊಡದ ಅಂಗಡಿ ನೋಟೀಸಿನಲ್ಲಿ ನಮಗೆ ಕಾನೂನು ಪಾಠ ಹೇಳುತ್ತಿತ್ತು!

ನಮ್ಮ ದೇಶದಲ್ಲಿ ಅಮೆರಿಕದಂತೆ ಚಾರ್ಜ್‌ಬ್ಯಾಕಿಗೆಂದೇ ಸಂಸತ್ತಿನ ಕಾನೂನು ಇಲ್ಲ. ಜಾಲಗಳ ನಿಯಮ ಮತ್ತು ರಿಸರ್ವ್ ಬ್ಯಾಂಕಿನ ನಿರ್ದೇಶನಗಳ ಮೇಲೆ ಎಲ್ಲ ನಡೆಯುತ್ತದೆ. ಯಾರೋ ಕದ್ದು ತೆಗೆದ ದುಡ್ಡಾದರೆ 2017ರ ಜುಲೈ 6ರ ಸುತ್ತೋಲೆ ದೊಡ್ಡ ಆಸರೆಯಾಯಿತು. ಬ್ಯಾಂಕಿನದೂ ನಮ್ಮದೂ ಅಲ್ಲದ ತಪ್ಪಿನಿಂದ ಹೋದ ದುಡ್ಡನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗಿರಾಕಿಯ ಹೊಣೆ ಸೊನ್ನೆ ಎಂದಿತು ಅದು. ಆದರೆ ಕೆಟ್ಟ ಸಾಮಾನಿನ ತಕರಾರಿಗೆ ಅಷ್ಟು ಖಡಾಖಂಡಿತ ಮಾತಿಲ್ಲ. ಯುಪಿಐಯಲ್ಲಿಯೂ ಚಾರ್ಜ್‌ಬ್ಯಾಕ್ ಉಂಟು. 2024ರ ಡಿಸೆಂಬರಿನಲ್ಲಿ ಎನ್‌ಪಿಸಿಐ ಅದಕ್ಕೆ ಮಿತಿ ಹಾಕಿತು, ಒಬ್ಬ ಗಿರಾಕಿಗೆ 30 ದಿನದಲ್ಲಿ ಹತ್ತು, ಒಬ್ಬನೇ ವ್ಯಾಪಾರಿಯ ಮೇಲಾದರೆ ಐದು. ಅತ್ತಿಗೆಯಂಥವರನ್ನು ಕಾಯಲು ಇಂಥ ಬೇಲಿ ಬೇಕು, ನನ್ನ ಆಕ್ಷೇಪವಿಲ್ಲ. ಗಿರಾಕಿಯನ್ನು ಹೆದರಿಸುವುದಕ್ಕಿಂತ ಇದು ಮರ್ಯಾದೆಯ ದಾರಿ.

ನನಗೆ ಹೆಚ್ಚು ಸಿಟ್ಟಿರುವುದು ಬ್ಯಾಂಕುಗಳ ಮೇಲೆ. ಎರಡು ಕಡೆಯ ಕಾಗದವನ್ನೂ ನೋಡುವುದು ಅವರೇ. ಆದರೆ ವ್ಯಾಪಾರಿ ಏನು ಸಾಕ್ಷಿ ಕೊಟ್ಟ ಎಂದು ಗಿರಾಕಿಗೆ ಹೇಳುವುದಿಲ್ಲ, ಯಾಕೆ ಹೀಗೆ ತೀರ್ಮಾನಿಸಿದೆವು ಎಂದು ವ್ಯಾಪಾರಿಗೂ ಹೇಳುವುದಿಲ್ಲ. ಆ ತಮ್ಮನಿಗೆ ಬಂದದ್ದು ಒಂದೇ ಸಾಲಿನ ಎಸ್ಸೆಮ್ಮೆಸ್ಸು. ಎರಡು ಪುಟದ ಕಾರಣವನ್ನು ಇಬ್ಬರಿಗೂ ಅವರವರ ಭಾಷೆಯಲ್ಲಿ ಕೊಟ್ಟಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು.

ಮತ್ತೆ ಆ ನೋಟೀಸಿಗೆ ಬರುತ್ತೇನೆ. ಆ ಸಂಜೆ ಮೇಜಿನ ಮೇಲೆ ಫೋನಿಟ್ಟುಕೊಂಡು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಮೊದಲನೆಯದಾಗಿ, ವಕೀಲರ ನೋಟೀಸು ಎಂದರೆ ಕೋರ್ಟಿನ ಸಮನ್ಸ್ ಅಲ್ಲ, ವಕೀಲರೊಬ್ಬರು ಬರೆದ ಕಾಗದ. ಸಮನ್ಸಿನಲ್ಲಿ ಕೋರ್ಟಿನ ಮೊಹರು, ಕೇಸಿನ ನಂಬ್ರ, ಹಾಜರಾಗುವ ತಾರೀಕು ಇರುತ್ತದೆ. ಅದು ಬಂದರೆ ಮಾತ್ರ ಉದಾಸೀನ ಮಾಡಬಾರದು, ಹೋಗಲೇಬೇಕು. ಎರಡನೆಯದಾಗಿ, ಆ 420 ಸೆಕ್ಷನ್. ಭಾರತೀಯ ದಂಡ ಸಂಹಿತೆ 2024ರ ಜುಲೈ 1ಕ್ಕೇ ನಿಂತುಹೋಗಿದೆ, ಮೋಸದ ಅಪರಾಧ ಈಗ ನ್ಯಾಯ ಸಂಹಿತೆಯ 318ರಲ್ಲಿ ಇದೆ. ನಮ್ಮ ವಕೀಲ ಮಹಾಶಯರಿಗೆ ಅಚ್ಚು ಬದಲಿಸಲು ಪುರ್ಸೊತ್ತು ಸಿಕ್ಕಿಲ್ಲ. ಸೆಕ್ಷನ್ ಯಾವುದಿದ್ದರೂ ಮೋಸ ಎನ್ನಬೇಕಾದರೆ ಕೊಳ್ಳುವಾಗಲೇ ವಂಚಿಸುವ ಮನಸ್ಸಿರಬೇಕು. ಒಡೆದ ಮಿಷನ್ನಿನ ಫೋಟೋ ಹಿಡಿದು ಬ್ಯಾಂಕಿಗೆ ಹೋದವನು ಮೋಸಗಾರನಾಗುವುದಿಲ್ಲ.

ಇನ್ನು ಸಿಬಿಲ್. ಅಮೆರಿಕದ ಕತೆಗಳಲ್ಲಿ ಅಂಗಡಿಯವರು ಹೆದರಿಸುವುದು ಇದರಿಂದಲೇ. ಇಲ್ಲಿ 2005ರ ಕಾಯಿದೆಯ ಪ್ರಕಾರ ಸಿಬಿಲ್‌ಗೆ ವಿವರ ಕೊಡುವುದು ಬ್ಯಾಂಕು, ಫೈನಾನ್ಸ್ ಕಂಪನಿಗಳಂಥ ಸಾಲ ಕೊಡುವ ಸಂಸ್ಥೆಗಳು. ಹೊಲಿಗೆ ಮಿಷನ್ ಮಾರುವವನು ಅಲ್ಲಿ ಗೆರೆ ಎಳೆಯಲಾರ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಸಾಮಾನನ್ನು ಫೈನಾನ್ಸ್ ಕಂಪನಿಯ ಸಾಲದಲ್ಲಿ, ಕಂತಿನ ಮೇಲೆ ಕೊಂಡಿದ್ದರೆ ಸಿಟ್ಟಿನಿಂದ ಕಂತು ನಿಲ್ಲಿಸಬೇಡಿ. ಅಲ್ಲಿ ಸಾಲಗಾರ ನೀವು, ಗೆರೆ ನಿಜವಾಗಿಯೂ ಬೀಳುತ್ತದೆ. ಆನ್‌ಲೈನ್ ಕೋರ್ಸುಗಳಿಗೆ ಮಕ್ಕಳನ್ನು ಸೇರಿಸಿ, ಶುಲ್ಕ ಅಂದುಕೊಂಡು ಸಾಲಕ್ಕೆ ಸಹಿ ಹಾಕಿದ ತಂದೆತಾಯಿಯರನ್ನು ನಮ್ಮ ಶಾಲೆಯಲ್ಲೇ ನೋಡಿದ್ದೇನೆ.

ತಮ್ಮನನ್ನು ಭಾನುವಾರ ಊರಿಗೆ ಬರಹೇಳಿದೆವು. ಕಾಸರಗೋಡಿನಲ್ಲಿ ವಕೀಲಿಕೆ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬಳು ದುಡ್ಡು ತೆಗೆದುಕೊಳ್ಳದೆ ಒಂದೇ ಪುಟದ ಉತ್ತರ ಬರೆದುಕೊಟ್ಟಳು. ಮಿಷನ್ ಬಂದ ದಿನ, ಕಳಿಸಿದ ಇಮೇಲುಗಳ ತಾರೀಕುಗಳು, ಫೋಟೋಗಳು. ದಂಡದ ಮೊತ್ತಕ್ಕೆ ಆಧಾರ ತೋರಿಸಿ ಎಂಬ ಒಂದು ಸಾಲು. ಒಡೆದ ಮಿಷನ್ ನಮ್ಮಲ್ಲಿ ಜೋಪಾನವಾಗಿದೆ, ನಿಮ್ಮ ಖರ್ಚಿನಲ್ಲಿ ಬಂದು ತೆಗೆದುಕೊಂಡು ಹೋಗಬಹುದು ಎಂಬ ಇನ್ನೊಂದು ಸಾಲು. ಈ ಕೊನೆಯ ಸಾಲು ಮುಖ್ಯ ಅಂದಳು ಅವಳು. ದುಡ್ಡೂ ಬೇಕು ಸಾಮಾನೂ ಬೇಕು ಎಂದರೆ ನಾವೇ ತಪ್ಪಿನವರಾಗುತ್ತೇವೆ. ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಇಮೇಲುಗಳ ಪ್ರತಿಯ ಜೊತೆ ಪಿನ್ನು ಮಾಡಿ ಇಟ್ಟೆವು. ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನು ಮಾಡಿ ದೂರು ದಾಖಲಿಸಿದೆವು.

ಏಳು ದಿನ ಕಳೆಯಿತು. ಎಪ್ಪತ್ತು ದಿನವೂ ಕಳೆಯಿತು. ಅತ್ತ ಕಡೆಯಿಂದ ಒಂದು ಅಕ್ಷರ ಬಂದಿಲ್ಲ, ಮಿಷನ್ ಒಯ್ಯಲೂ ಯಾರೂ ಬಂದಿಲ್ಲ. ಹಿಂದೆ ಸಿಕ್ಕ ದುಡ್ಡಿಗೆ ಸ್ವಲ್ಪ ಸೇರಿಸಿ ಅವರು ಕಾಸರಗೋಡು ಪೇಟೆಯ ಅಂಗಡಿಯಿಂದಲೇ ಬೇರೆ ಮಿಷನ್ ತಂದರು, ಅಲ್ಲೇ ಓಡಿಸಿ ನೋಡಿ. ಮೊನ್ನೆ ಅವರ ಮನೆಗೆ ಹೋದಾಗ ಹೊಸ ಮಿಷನ್ನಿನಲ್ಲಿ ಯೂನಿಫಾರ್ಮಿನ ರಾಶಿ ನಡೆಯುತ್ತಿತ್ತು, ಕಿವಿಯಲ್ಲಿ ಬೆಂಡೋಲೆ ಇತ್ತು. ಹಳೆಯ ಪೆಟ್ಟಿಗೆ ಜಗಲಿಯ ಮೂಲೆಯಲ್ಲೇ ಉಂಟು. ಬಿಸಾಡುವ ಹಾಗಿಲ್ಲವಲ್ಲ, ಸಾಕ್ಷಿ! ಅದರೊಳಗೆ ಬೆಕ್ಕು ಮರಿ ಹಾಕಿದೆ.